ಫ್ರಿಜ್ಜಿಗೊಂದು ಬೊಟ್ಟು, ಟಿವಿಗೊಂದು ಬೊಟ್ಟು

ನಮ್ಮ ಮಾವನವರಿಗೆ ಶತ್ರುಗಳೇ ಇಲ್ಲ ಎಂದು ಕೊಯಮತ್ತೂರಿನ ಹತ್ತಿರದ ನಮ್ಮ ಸೋಮನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪಾಪ, ಅವರೆಲ್ಲ ಮಾವನವರನ್ನು ಬೀದಿಯಲ್ಲಿ ನೋಡಿದವರು. ಮನೆಯೊಳಗೆ ಬಂದು ನೋಡಲಿ! ಹಾಲಿನಲ್ಲಿ ಕೆಲವರು, ಅಡುಗೆಮನೆಯಲ್ಲಿ ಕೆಲವರು, ಮಲಗುವ ಕೋಣೆಯಲ್ಲಂತೂ ಮಂಚದ ಸುತ್ತ ಮುತ್ತಿಗೆಯನ್ನೇ ಹಾಕಿದ್ದಾರೆ. ಒಬ್ಬೊಬ್ಬ ಶತ್ರುವೂ ಸಾಸಿವೆ ಕಾಳಿನ ಗಾತ್ರ. ಬಣ್ಣ ಕೆಂಪು, ಹಸಿರು ಅಥವಾ ನೀಲಿ. ಟಿವಿ, ಫ್ರಿಜ್ಜು, ಇನ್ವರ್ಟರು, ಸೊಳ್ಳೆ ಮೆಷಿನ್ನು ಇವುಗಳ ಮೂತಿಯ ಮೇಲೆ ಹಗಲೂ ರಾತ್ರಿ ಉರಿಯುತ್ತಿರುತ್ತದಲ್ಲ ಒಂದು ಚಿಕ್ಕ ಲೈಟು, ಅದೇ. "ನಾನು ಇದ್ದೇನೆ, ನಾನು ಇದ್ದೇನೆ" ಎಂದು ಸಾರುವುದನ್ನು ಬಿಟ್ಟರೆ ಬೇರೆ ಯಾವ ಕೆಲಸವೂ ಇಲ್ಲದ ಲೈಟು.

ನಾನು ಶಿರಾ ಕಡೆಯವಳು. ಕೊಯಮತ್ತೂರಿಗೆ ಓದಲು ಬಂದು, ಶರವಣಂಪಟ್ಟಿಯಲ್ಲಿ ಕೆಲಸ ಹಿಡಿದು, ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರನ್ನು ಮದುವೆಯಾದೆ. ಹುಡುಗನ ಮನೆಯವರು ಕನ್ನಡದವರು ಎಂದು ತಿಳಿದಾಗ ನಮ್ಮಪ್ಪ ಅರ್ಧ ಒಪ್ಪಿಬಿಟ್ಟರು. ಮಾತಾಡಿಸಿದ ಮೇಲೆ ಆ ಕನ್ನಡದಲ್ಲಿ ಅರ್ಧ ತಮಿಳು ಇರುವುದು ಗೊತ್ತಾಯಿತು. ಅಷ್ಟರಲ್ಲಿ ಉಳಿದರ್ಧವನ್ನೂ ಒಪ್ಪಿಯಾಗಿತ್ತು. ಇವರ ಹಿರಿಯರು ಯಾವ ಕಾಲದಲ್ಲಿ ಇಲ್ಲಿಗೆ ಬಂದರೋ ಇವರಿಗೇ ತಿಳಿಯದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನಾನು ಮಾವನವರ ಬಗ್ಗೆ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅದೇ ಭರವಸೆಯಲ್ಲಿ.

ಮನೆಯ ಹಿಂದೆಯೇ ಮಗ್ಗದ ಶೆಡ್ಡು. ಕರೆಂಟಿನ ಮಗ್ಗಗಳು, ಇವರ ಬಾಯಲ್ಲಿ ಅವು ತರಿ. ಮಾವನವರು ಬುದ್ಧಿ ಬಂದಾಗಿನಿಂದ ಅಲ್ಲೇ ನೇಯ್ದವರು, ಅತ್ತೆ ಅಲ್ಲೇ ಬಾಬಿನ್ನಿಗೆ ನೂಲು ಸುತ್ತಿದವರು. ಈಗ ಶೆಡ್ಡನ್ನು ಮಾವನವರ ತಮ್ಮನ ಮಗ ನಡೆಸುತ್ತಾನೆ. ಆದರೆ ಶೆಡ್ಡು ಇಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಮಾವನವರಿಗೆ ಕಿವಿ ಮಂದ ಮಾಡಿ ಕಳಿಸಿತು. ದಪ್ಪ ದನಿಯಲ್ಲಿ ಮಾತಾಡಿದರೆ ಕೇಳುತ್ತದೆ. ಕುಕ್ಕರಿನ ಸೀಟಿ, ಫೋನಿನ ರಿಂಗು, ಬಾಗಿಲ ಬೆಲ್ಲು ಇಂಥ ಕೀಚು ಶಬ್ದಗಳು ಅವರ ಪಾಲಿಗೆ ಇಲ್ಲವೇ ಇಲ್ಲ. ಅತ್ತೆಯ ಎದೆಯಲ್ಲಿ ಹತ್ತಿಯ ಧೂಳು ತುಂಬಿ ಕಳಿಸಿತು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವರು ಉಸಿರಿಗಾಗಿ ಎರಡು ಸಲ ನಿಲ್ಲಬೇಕು. ಹಾಗೆ ನಿಂತು ನಿಂತು ಹೇಳುವುದರಿಂದ ಅವರ ತಮಾಷೆಗಳಿಗೆ ತಾನಾಗಿಯೇ ಒಂದು ಗತ್ತು ಬಂದುಬಿಟ್ಟಿದೆ.

ಇನ್ನು ಮಾವನವರ ನಿದ್ದೆಯ ವಿಷಯ. ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುವಾಗ ನಮ್ಮ ಗೋಡೆಯ ಕ್ಯಾಲೆಂಡರ್ ಅಲುಗುತ್ತದೆ, ಲೋಟದ ನೀರು ನಡುಗುತ್ತದೆ. ಆ ನಡುಕದಲ್ಲಿ ಮಾವನವರು ತೊಟ್ಟಿಲ ಮಗುವಿನ ಹಾಗೆ ನಿದ್ದೆ ಹೋಗುತ್ತಾರೆ. ಟೀ ಹೊತ್ತಿಗೆ ಮಗ್ಗ ನಿಂತಿತೋ, ಥಟ್ಟನೆ ಎದ್ದು ಕೂತು ಯಾಕೆ ನಿಂತಿತು ಎಂದು ವಿಚಾರಿಸುತ್ತಾರೆ. ಇಂಥ ಮನುಷ್ಯನನ್ನು ಮೂಲೆಯಲ್ಲಿರುವ ಸೊಳ್ಳೆ ಮೆಷಿನ್ನಿನ ಲೈಟು ಎಬ್ಬಿಸಿ ಕೂರಿಸುತ್ತದೆ ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಮದುವೆಯಾಗಿ ಬಂದ ಹೊಸತು. ಬೆಳಿಗ್ಗೆ ಹಾಲು ತೆಗೆಯಲು ಹೋದವಳು ಫ್ರಿಜ್ಜಿನ ಮುಂದೆ ನಿಂತುಬಿಟ್ಟೆ. ಫ್ರಿಜ್ಜಿನ ಹಣೆಯ ಮೇಲೆ ಒಂದು ಬೊಟ್ಟು! ತಿರುಗಿದರೆ ವಾಟರ್ ಫಿಲ್ಟರಿಗೊಂದು ಬೊಟ್ಟು. ಹಾಲಿಗೆ ಬಂದರೆ ಟಿವಿಗೊಂದು, ಅದರ ಕೆಳಗಿನ ಸೆಟ್‌ಟಾಪ್ ಬಾಕ್ಸಿಗೊಂದು, ಮೆಟ್ಟಿಲ ಕೆಳಗಿನ ಇನ್ವರ್ಟರಿಗೆ ಸಾಲಾಗಿ ಮೂರು. ಎಲ್ಲವೂ ಕುಂಕುಮ ಬಣ್ಣದ ಸ್ಟಿಕ್ಕರ್ ಬೊಟ್ಟು, ಅತ್ತೆಯ ಹಣೆಯ ಮೇಲಿದ್ದ ಅದೇ ಅಳತೆ. ನಮ್ಮ ಕಡೆ ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಇಡುತ್ತೇವೆ. ಇವರು ಮಗ್ಗದವರು, ಯಂತ್ರದಿಂದಲೇ ಅನ್ನ ಉಂಡವರು, ವರ್ಷವಿಡೀ ಇಡುತ್ತಾರೆ ಎಂದುಕೊಂಡೆ. ಗೌರವ ಉಕ್ಕಿ ಬಂತು. ಒಳ್ಳೆಯ ಸೊಸೆ ಎನಿಸಿಕೊಳ್ಳುವ ಆಸೆಯೂ ಇತ್ತೆನ್ನಿ. ದಿನಾ ಬೆಳಿಗ್ಗೆ ಫ್ರಿಜ್ಜಿಗೆ ಕೈ ಮುಗಿದು ಆಮೇಲೆ ಬಾಗಿಲು ತೆಗೆಯತೊಡಗಿದೆ.

ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಇದನ್ನು ಕೆಲವು ದಿನ ಸುಮ್ಮನೆ ನೋಡಿದರು. ಕೊನೆಗೆ ಒಂದು ದಿನ ಹೇಳಿದರು.

"ಅಮ್ಮಿಣಿ, ಕೈ ಮುಗಿದದ್ದು ಸಾಕು. ಅದರೊಳಗೆ ದೇವರಿಲ್ಲ." ಒಂದು ಉಸಿರು. "ನೆನ್ನೆ ಸಾಂಬಾರು ಅದೆ."

ಕೊಯಮತ್ತೂರು ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಅಮ್ಮಿಣಿ ಎನ್ನುತ್ತಾರೆ. ಪ್ರೀತಿಯಿಂದ ಮರ್ಯಾದೆ ತೆಗೆಯುವಾಗಲೂ ಅದನ್ನೇ ಎನ್ನುತ್ತಾರೆ ಎಂದು ಆವತ್ತು ತಿಳಿಯಿತು.

ಬೊಟ್ಟಿನ ಹಿಂದೆ ಮಾವನವರ ದೀರ್ಘ ಸಂಶೋಧನೆಯೇ ಇತ್ತು. ಮೊದಲು ಲೈಟುಗಳಿಗೆ ಹತ್ತಿ ಒತ್ತಿದ್ದರಂತೆ, ಫ್ಯಾನಿನ ಗಾಳಿಗೆ ಬಿದ್ದುಹೋಯಿತು. ಟೇಪು ಅಂಟಿಸಿದರಂತೆ, ತೆಗೆದಾಗ ಅಂಟು ಉಳಿದು ಇರುವೆ ಮುತ್ತಿತು. ಒಂದು ದಿನ ಸ್ನಾನದ ಮನೆಯ ಕನ್ನಡಿಯ ಅಂಚಿನಲ್ಲಿ ಅತ್ತೆ ಅಂಟಿಸಿಟ್ಟ ಬೊಟ್ಟು ಕಣ್ಣಿಗೆ ಬಿತ್ತು. ದುಂಡಗಿದೆ, ದಪ್ಪಗಿದೆ, ಅಂಟು ಹದವಾಗಿದೆ, ಬೇಕೆಂದಾಗ ಕಿತ್ತು ಬೇರೆ ಕಡೆ ಹಚ್ಚಬಹುದು. ಬೊಟ್ಟು ಮಾಡುವವರು ಇದಕ್ಕೇ ಮಾಡಿ, ಹಣೆಗೂ ಆಗುತ್ತದೆ ಎಂದು ಮಾರುತ್ತಿದ್ದಾರೆ ಎಂಬಷ್ಟು ಖಾತ್ರಿ ಮಾವನವರಿಗೆ. ಕೆಂಪು ಲೈಟಿಗೆ ಒಂದು ಬೊಟ್ಟು ಸಾಕು. ಹಸಿರಿಗೂ ಸಾಕು, ಆದರೆ ಅಂಚು ಒತ್ತಬೇಕು. ನೀಲಿ ಬಲು ದುಷ್ಟ, ಒಂದರ ಮೇಲೊಂದು ಎರಡು ಬೇಕೇ ಬೇಕು. ನೀಲಿ ಲೈಟನ್ನು ಯಂತ್ರಕ್ಕೆ ಕೂರಿಸುವವರು ತಮ್ಮ ಮನೆಯಲ್ಲಿ ಎಂದಾದರೂ ಮಲಗಿದ್ದಾರೋ ಇಲ್ಲವೋ ಎಂಬುದು ಅವರ ಬಹುದಿನದ ಸಂಶಯ. ಇಷ್ಟಕ್ಕೆಲ್ಲ ಬೇಕಾಗುವ ಸರಕು ಅತ್ತೆಯ ಪೆಟ್ಟಿಗೆಯಿಂದ ಹೋಗುತ್ತಿತ್ತು. ತಮ್ಮ ಹಣೆಗೆ ಒಂದೇ ಬೊಟ್ಟು, ವಾಷಿಂಗ್ ಮೆಷಿನ್ನಿಗೆ ಎರಡು, ಈ ಮನೆಯಲ್ಲಿ ಯಾರ ಸೌಭಾಗ್ಯ ದೊಡ್ಡದು ನೀನೇ ಲೆಕ್ಕ ಹಾಕು ಎಂದು ಅತ್ತೆ ನನ್ನ ಮುಂದೆ ದೂರಿದರು.

ವಾಷಿಂಗ್ ಮೆಷಿನ್ನಿನ ಮಾತು ಬಂದದ್ದರಿಂದ ಅದನ್ನು ತಂದ ಕಥೆಯನ್ನೂ ಹೇಳಿಬಿಡುತ್ತೇನೆ. ಕೊಯಮತ್ತೂರಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ಕತ್ತಿಗೆ ಟೈ ಕಟ್ಟಿದ ಸೇಲ್ಸಿನವರು ಬಂದು, ಎಷ್ಟು ನೀರು ಉಳಿಯುತ್ತದೆ, ಎಷ್ಟು ಕರೆಂಟು ಉಳಿಯುತ್ತದೆ ಎಂದು ತಮಿಳಿನಲ್ಲಿ ಅರಳು ಹುರಿದ ಹಾಗೆ ಹೇಳಿದರು. ಮಾವನವರು ಎಲ್ಲವನ್ನೂ ಕೇಳಿಸಿಕೊಂಡವರಂತೆ ತಲೆದೂಗಿ, ಇದರಲ್ಲಿ ಲೈಟು ಎಷ್ಟಿದೆ ಎಂದು ಕೇಳಿದರು. ಹಿರಿಯರಿಗೆ ಲೈಟು ಎಂದರೆ ಆಸೆ ಎಂದುಕೊಂಡ ಆ ಮನುಷ್ಯ, ಅಂಗಡಿಯಲ್ಲೇ ದೊಡ್ಡ ಮೆಷಿನ್ನಿನ ಮುಂದೆ ನಿಲ್ಲಿಸಿ ಗುಂಡಿ ಒತ್ತಿದರು. ಮೆಷಿನ್ನಿನ ಮೈತುಂಬ ದೀಪಾವಳಿ. ಮಾವನವರು ಹಾವು ಕಂಡವರ ಹಾಗೆ ಹಿಂದಕ್ಕೆ ಸರಿದರು.

ಆಮೇಲೆ ಅವರು ತಾವೇ ಪರೀಕ್ಷೆಗೆ ಇಳಿದರು. ಅಂಗಡಿಯ ಬೆಳಕಿನಲ್ಲಿ ಲೈಟಿನ ನಿಜಬಣ್ಣ ತಿಳಿಯುವುದು ಹೇಗೆ? ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ತಲೆಗೂ ಮೆಷಿನ್ನಿನ ತಲೆಗೂ ಸೇರಿಸಿ ಹೊದ್ದುಕೊಂಡರು. ಶೀತವಾದಾಗ ಹಬೆ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಒಂದು ಮೆಷಿನ್ ಮುಗಿಸಿ ಇನ್ನೊಂದಕ್ಕೆ, ಅದು ಮುಗಿಸಿ ಮತ್ತೊಂದಕ್ಕೆ. ಜನ ಸೇರಿದರು. ನಮ್ಮ ಹಿಂದೆ ನಿಂತಿದ್ದ ಹೆಂಗಸೊಬ್ಬರು, ಹೀಗೆ ನೋಡಿದರೆ ಏನು ತಿಳಿಯುತ್ತದೆ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ನಾನು ಈ ಮನೆಯವಳಲ್ಲ ಎನ್ನುವ ಹಾಗೆ ಮಿಕ್ಸಿಗಳ ಕಡೆ ನೋಡುತ್ತಿದ್ದೆ. ಕೊನೆಗೆ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ, ತಿರುಪು ಗುಬ್ಬಿಯ ಹಳೆಯ ಮಾದರಿಯ ಮೆಷಿನ್ನು ಪಾಸಾಯಿತು. ಇದನ್ನು ಈಗ ಯಾರೂ ಕೊಳ್ಳುವುದಿಲ್ಲ ಎಂದು ಸೇಲ್ಸಿನವರು ಅಂಗಲಾಚಿದರೂ ಮಾವನವರು ಅದನ್ನೇ ಹೊರಿಸಿದರು. ಮನೆಗೆ ತಂದು ಪ್ಲಗ್ ಹಾಕಿದರೆ ಗುಬ್ಬಿಯ ಹಿಂದೆ ಅಡಗಿದ್ದ ಎರಡು ಕೆಂಪು ಲೈಟುಗಳು ಹೊತ್ತಿಕೊಂಡವು. ಮಾವನವರು ಅಂಗಿಯ ಜೇಬಿಗೆ ಕೈ ಹಾಕಿದರು.

ಹೌದು, ಜೇಬಿಗೆ. ಬೊಟ್ಟಿನ ಪ್ಯಾಕೆಟ್ಟು ಸದಾ ಅಲ್ಲೇ ಇರುತ್ತದೆ, ಕನ್ನಡಕದ ಪಕ್ಕದಲ್ಲಿ. ತೊಂಡಾಮುತ್ತೂರಿನಲ್ಲಿ ನೆಂಟರ ಮನೆಯ ಮದುವೆಗೆ ಹೋದಾಗ ಅದರಿಂದ ಒಂದು ಸಣ್ಣ ಪ್ರಮಾದವಾಯಿತು. ಮದುಮಕ್ಕಳು ಕಾಲಿಗೆ ಬಿದ್ದರು. ಅವರನ್ನು ಎಬ್ಬಿಸಲು ಮಾವನವರು ಬಗ್ಗಿದಾಗ ಪ್ಯಾಕೆಟ್ಟು ಜೇಬಿನಿಂದ ಜಾರಿ ಮದುಮಗಳ ತಲೆಯ ಮೇಲೆ ಬಿದ್ದು ನೆಲಕ್ಕೆ ಬಂತು. ತಲೆ ನರೆತ ಗಂಡಸಿನ ಜೇಬಿನಲ್ಲಿ ಹೆಂಗಸರ ಬೊಟ್ಟು! ಎಲ್ಲರೂ ಅತ್ತೆಯ ಮುಖ ನೋಡಿದರು. ಹಿರಿಯಾಕೆಯೊಬ್ಬರು ಹತ್ತಿರ ಬಂದು, ಏನಾದರೂ ವಿಷಯ ಇದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಹೇಳು ಎಂದು ಅತ್ತೆಯ ಕೈ ಹಿಡಿದರು.

"ಅಂಥಾದ್ದೇನಿಲ್ಲ ಅಕ್ಕ," ಎಂದರು ಅತ್ತೆ. ನಿಂತು ಉಸಿರು ತೆಗೆದುಕೊಂಡರು. ಆ ಉಸಿರಿನಷ್ಟು ಹೊತ್ತು ಇಡೀ ಮದುವೆ ಮನೆ ಕಾದಿತ್ತು. "ಫ್ರಿಜ್ಜಿಗೆ."

ಇದರಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಮಾರನೆಯ ದಿನ ನಾವು ಹೊರಡುವ ಹೊತ್ತಿಗೆ ಆ ಮನೆಯ ಏಸಿ, ಟಿವಿ, ಇನ್ವರ್ಟರುಗಳ ಮೇಲೆಲ್ಲ ಬೊಟ್ಟು ಕೂತಿತ್ತು. ಮದುವೆ ಮನೆಗೆ ಮಂಗಳಕರ ಎಂದು ಅವರು ಅದನ್ನು ಕೀಳದೆ ಬಿಟ್ಟರು. ಈಗಲೂ ಹಾಗೇ ಇದೆಯಂತೆ.

ಟಿವಿಯದು ಇನ್ನೊಂದು ಕಥೆ. ಅದು ಒಂದು ದಿನ ರಿಮೋಟಿಗೆ ಬಗ್ಗದಾಯಿತು. ಹೊಸ ಬ್ಯಾಟರಿ ಹಾಕಿದ್ದಾಯಿತು, ರಿಮೋಟನ್ನು ಅಂಗೈಗೆ ಬಡಿದದ್ದಾಯಿತು, ಹೊಸ ರಿಮೋಟೂ ಬಂತು. ಕೊನೆಗೆ ರಿಪೇರಿಯವರು ಬಂದು ಟಿವಿಯ ಮುಖವನ್ನು ಒಂದು ನಿಮಿಷ ನೋಡಿ ಬೊಟ್ಟು ಕಿತ್ತರು. ರಿಮೋಟಿನ ಮಾತು ಹಿಡಿಯುವ ಕಣ್ಣು ಲೈಟಿನ ಪಕ್ಕದಲ್ಲೇ ಇತ್ತು. ಬೊಟ್ಟು ಎರಡನ್ನೂ ಮುಚ್ಚಿತ್ತು. ಹೆಣ್ಣುಮಕ್ಕಳ ಬೊಟ್ಟನ್ನು ನೆಲಕ್ಕೆ ಹಾಕಬಾರದೆಂದು ಅವರು ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ತಂದು ಅತ್ತೆಗೆ ಮರ್ಯಾದೆಯಿಂದ ಒಪ್ಪಿಸಿದರು. ಅವರು ಹೋದ ಮೇಲೆ ಮಾವನವರು ಕತ್ತರಿ ತೆಗೆದುಕೊಂಡು ಕೂತರು. ನಮ್ಮ ಟಿವಿ ಅಂದಿನಿಂದ ಅರ್ಧಚಂದ್ರ ಧರಿಸಿದೆ.

ನನ್ನ ಪಾಲಿಗೆ ಇವೆಲ್ಲ ನಗುವ ಸಂಗತಿಗಳೇ ಆಗಿದ್ದವು, ವೈಫೈ ಡಬ್ಬಿಯ ಸರದಿ ಬರುವವರೆಗೆ. ನಾನು ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅವತ್ತು ಆಫೀಸಿನ ದೊಡ್ಡವರೆಲ್ಲ ಸೇರಿದ ಮೀಟಿಂಗಿನಲ್ಲಿ, ನಾನು ಬಾಯಿ ತೆರೆದು ಏನೋ ಹೇಳುವಾಗ, ತೆರೆದ ಬಾಯಿ ತೆರೆದಂತೆಯೇ ಎಲ್ಲರ ಪರದೆಯ ಮೇಲೆ ನಿಂತುಬಿಟ್ಟಿತಂತೆ. ಎದ್ದು ಹೋಗಿ ನೋಡಿದರೆ ವೈಫೈ ಡಬ್ಬಿ ಇದ್ದ ಜಾಗದಲ್ಲಿ ಸಾಂಬಾರು ಒಯ್ಯುವ ಸ್ಟೀಲಿನ ತೂಕುಪಾತ್ರೆ ಬೋರಲಾಗಿ ಕೂತಿದೆ. ಅದಕ್ಕೆ ಲೈಟುಗಳು ಜಾಸ್ತಿ, ಅದರ ಮೇಲೆ ಅವು ಮಿಟುಕುತ್ತವೆ ಬೇರೆ. ಬೊಟ್ಟು ಹಚ್ಚಿ ಮುಗಿಯುವುದಿಲ್ಲ ಎಂದು ಮಾವನವರು ಇಡೀ ಡಬ್ಬಿಯನ್ನೇ ಮುಚ್ಚಿಹಾಕಿದ್ದರು. ನಾನು ದಪ್ಪ ದನಿ ಮಾಡಿಕೊಂಡು ವಿಷಯ ವಿವರಿಸಿದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಸಂಜೆಯೊಳಗೆ ಶೆಡ್ಡಿನ ಕೋರಾ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿದು ತೊಡಿಸಿದರು. ಆಂಟೆನಾಗಳಿಗೆ ಎರಡು ತೂತು. ಮೇಜಿನ ಮೇಲೆ ಈಗ ಬಿಳಿ ಅಂಗಿಯ ಮೊಲವೊಂದು ಕಿವಿ ನಿಮಿರಿಸಿ ಕೂತಿರುತ್ತದೆ. ಮೀಟಿಂಗುಗಳು ಸರಾಗವಾಗಿ ನಡೆಯುತ್ತಿವೆ.

ಇಷ್ಟಾದರೂ ಈ ಹಟ ಎಲ್ಲಿಂದ ಬಂತು ಎಂದು ನನಗೆ ತಿಳಿದಿರಲಿಲ್ಲ. ಕೇಳಿದರೆ ಮಾವನವರು, "ತೊಲ್ಲೆ ಅಮ್ಮಿಣಿ, ನೋಡ್ಕೊಂಡೇ ಅದೆ," ಎಂದು ಮುಗಿಸುತ್ತಿದ್ದರು. ತೊಲ್ಲೆ ಎಂದರೆ ಕಾಟ. ಒಂದು ಮಧ್ಯಾಹ್ನ ಸಣ್ಣ ಈರುಳ್ಳಿ ಸುಲಿಯುತ್ತ ಕೂತಿದ್ದಾಗ ಅತ್ತೆಯೇ ಹೇಳಿದರು.

ನನ್ನ ಗಂಡ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲ. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾಗದ ವರ್ಷಗಳು. ಕರೆಂಟು ಇದ್ದಷ್ಟು ಹೊತ್ತು ಮಗ್ಗ ಓಡಿದರೆ ಬಟ್ಟೆ, ಇಲ್ಲದಿದ್ದರೆ ಇಲ್ಲ. ಬೀದಿಯ ಗಂಡಸರೆಲ್ಲ ಶೆಡ್ಡಿನಲ್ಲೇ ಚೀಲ ಹಾಸಿಕೊಂಡು ಮಲಗುತ್ತಿದ್ದರು. ಬಂದ ಕರೆಂಟು ತಪ್ಪಿಹೋಗದ ಹಾಗೆ ಏಳುವುದು ಹೇಗೆ? ತಲೆಯ ಮೇಲೆ ನೇರವಾಗಿ ಒಂದು ಬಲ್ಬು ತೂಗಿಹಾಕಿ, ಅದರ ಸ್ವಿಚ್ಚು ಹಾಕಿಟ್ಟೇ ಮಲಗುವುದು. ಕರೆಂಟು ಬಂದ ಕೂಡಲೇ ಮುಖದ ಮೇಲೆ ಬೆಳಕು ಬೀಳುತ್ತದೆ, ಎದ್ದು ಮಗ್ಗಕ್ಕೆ ಕೈ ಹಾಕಬೇಕು. ಕೆಲವರು ಅಲಾರಂ, ಗಂಟೆ ಅಂತೆಲ್ಲ ಮಾಡಿಕೊಂಡಿದ್ದರಂತೆ. ಮಾವನವರಿಗೆ ಆಗಲೇ ಕಿವಿ ಹೋಗಿತ್ತು. ಇದ್ದದ್ದು ಲೈಟು ಒಂದೇ.

"ಬೆಳಕು ಬಿದ್ರೆ ಏಳ್ಬೇಕು ಅಂತ ಕಣ್ಣು ಕಲ್ತುಬಿಡ್ತು. ಹಸಿವಾಗಿದ್ರೂ ಏಳ್ಬೇಕು, ಜ್ವರ ಬಂದಿದ್ರೂ ಏಳ್ಬೇಕು." ಅತ್ತೆ ಈರುಳ್ಳಿ ಬಿಟ್ಟು ಉಸಿರು ಹಿಡಿದರು. "ಈಗ ಯಾರೂ ಏಳು ಅನ್ನಲ್ಲ. ಕಣ್ಣಿಗೆ ಅದು ಗೊತ್ತಿಲ್ಲ, ಪಾವಂ."

ಆಮೇಲೆ ಫ್ರಿಜ್ಜಿನ ಬೊಟ್ಟು ನೋಡಿದಾಗ ನನಗೆ ಮೊದಲಿನಷ್ಟು ನಗು ಬರಲಿಲ್ಲ. ಸ್ವಲ್ಪ ಬಂತು, ಸುಳ್ಳೇಕೆ ಹೇಳಲಿ. ಆದರೆ ಮನೆಯಲ್ಲಿ ಎಲ್ಲಾದರೂ ಒಂದು ಬೊಟ್ಟು ಉದುರಿದ್ದು ಕಂಡರೆ ನಾನೇ ಎತ್ತಿ ಮತ್ತೆ ಒತ್ತಿ ಅಂಟಿಸತೊಡಗಿದೆ. ಜೀವಮಾನವೆಲ್ಲ ಬೆಳಕು ಬಿದ್ದಾಗ ಎದ್ದ ಮನುಷ್ಯ ಇನ್ನಾದರೂ ಕತ್ತಲಲ್ಲಿ ನೆಮ್ಮದಿಯಾಗಿ ಮಲಗಲಿ ಎಂದು ನನಗೂ ಅನಿಸಿತ್ತು.

ಈ ವರ್ಷ ಅತ್ತೆಯ ಉಸಿರು ಕೆಟ್ಟಿತು. ವಾಕ್ಯದ ನಡುವೆ ನಿಲ್ಲುತ್ತಿದ್ದವರು ಪದದ ನಡುವೆ ನಿಲ್ಲತೊಡಗಿದರು. ತಮಾಷೆಗಳು ಕಡಿಮೆಯಾದವು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮಲಗಿದಾಗಲೆಲ್ಲ ಮೂಗಿಗೆ ಆಕ್ಸಿಜನ್ ಬೇಕೇ ಬೇಕು, ಮನೆಗೆ ಒಂದು ಮೆಷಿನ್ನು ತರಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮೆಷಿನ್ನು ಬಂತು, ಜೊತೆಗೆ ಒಂದು ಆಕ್ಸಿಜನ್ ಸಿಲಿಂಡರೂ ಬಂತು. ತಂದವರು ಎಲ್ಲವನ್ನೂ ತೋರಿಸಿಕೊಟ್ಟರು. ಇದು ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಳವೆಯಲ್ಲಿ ಕೊಡುತ್ತದೆ. ನಿಮ್ಮ ಇನ್ವರ್ಟರು ಇದನ್ನು ಎಳೆಯುವುದಿಲ್ಲ. ಕರೆಂಟು ಹೋದರೆ ಲೈಟು ಆರುತ್ತದೆ, ಮೆಷಿನ್ನು ಕೀ ಎಂದು ಕೂಗುತ್ತದೆ. ಆಗ ಕೊಳವೆ ಕಿತ್ತು ಪಕ್ಕದ ಸಿಲಿಂಡರಿಗೆ ಸಿಕ್ಕಿಸಿ ಕೀಲಿ ತಿರುಗಿಸಬೇಕು, ತಡಮಾಡಬಾರದು. ಮಾವನವರು ಅವರ ಬಾಯನ್ನೇ ನೋಡುತ್ತಿದ್ದು, ಅವರು ಮುಗಿಸಿದ ಮೇಲೆ ಕೀಲಿ ತಿರುಗಿಸುವುದನ್ನು ತಮ್ಮ ಕೈಯಾರೆ ಮಾಡಿ ನೋಡಿದರು.

ಆಮೇಲೆ ಮೆಷಿನ್ನಿಗೆ ಪ್ಲಗ್ ಹಾಕಿದರು. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಮನೆಯ ಚರಿತ್ರೆಯಲ್ಲೇ ಅಂಥ ಲೈಟು ಬಂದಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಅಗಲ, ಕಡು ಹಸಿರು, ಹಗಲಲ್ಲೇ ಗೋಡೆಯ ಮೇಲೆ ಬಣ್ಣ ಬಳಿಯುತ್ತಿತ್ತು. ಅಮ್ಮ ನಮ್ಮ ಕೋಣೆಯಲ್ಲಿ ಮಲಗಲಿ ಎಂದು ನನ್ನ ಗಂಡ ಹೇಳಿದರು. ಹಾಲಿನಲ್ಲಿ ಮಲಗುತ್ತೇನೆ, ಇವರು ನಿದ್ದೆ ಮಾಡಲಿ ಎಂದು ಅತ್ತೆ ಹೇಳಿದರು. ಮಾವನವರು "ಬೇಡ" ಎಂದು ಒಂದೇ ಮಾತು ಹೇಳಿ ತಮ್ಮ ಮಂಚವನ್ನು ಅತ್ತೆಯ ಮಂಚದ ಹತ್ತಿರಕ್ಕೆ ಎಳೆದರು.

ನಮ್ಮ ಕೈಲಾದ ಉಪಕಾರವೆಂದು ನಾವು ಮೆಷಿನ್ನಿನ ಲೈಟು ಗೋಡೆಗೆ ಮುಖ ಮಾಡುವ ಹಾಗೆ ಇಟ್ಟೆವು. ಬೆಳಿಗ್ಗೆ ನೋಡಿದರೆ ಅದು ಮಾವನವರ ದಿಂಬಿಗೆ ಮುಖ ಮಾಡಿ ನಿಂತಿದೆ. ಕೊಳವೆ ಎಳೆದಾಗ ತಿರುಗಿರಬೇಕು ಎಂದು ಮತ್ತೆ ಗೋಡೆಗೆ ತಿರುಗಿಸಿದೆ. ಮಾರನೆಯ ಬೆಳಿಗ್ಗೆ ಮತ್ತೆ ದಿಂಬಿನ ಕಡೆಗೆ. ವಯಸ್ಸಾದವರು, ಆಸ್ಪತ್ರೆಯ ಓಡಾಟದಲ್ಲಿ ದಣಿದಿದ್ದಾರೆ, ಮರೆವು ಶುರುವಾಗಿದೆಯೋ ಏನೋ ಎಂದು ನನಗೆ ಸಂಕಟವಾಯಿತು. ಹಸಿರಾದರೂ ಇದು ದೊಡ್ಡ ಲೈಟೆಂದು, ಅವರು ನೀಲಿಗೆ ಹಚ್ಚುವಂತೆಯೇ ಒಂದರ ಮೇಲೊಂದು ಎರಡು ಬೊಟ್ಟು ಹಚ್ಚಿ, ಅಂಚು ಒತ್ತಿ ಬಂದೆ.

ಮರುದಿನ ಲೈಟು ಬೋಳಾಗಿ ಉರಿಯುತ್ತಿತ್ತು. ಒಂದು ಬೊಟ್ಟು ಕನ್ನಡಿಯ ಅಂಚಿನಲ್ಲಿತ್ತು. ಇನ್ನೊಂದು ಅತ್ತೆಯ ಹಣೆಯ ಮೇಲಿತ್ತು. ಆಸ್ಪತ್ರೆಗೆ ಹೋದಾಗಿನಿಂದ ಅತ್ತೆ ಬೊಟ್ಟು ಇಟ್ಟುಕೊಂಡಿರಲಿಲ್ಲ. ಕೈ ಎತ್ತಿದರೆ ಆಯಾಸ ಎನ್ನುತ್ತಿದ್ದರು. ಬೊಟ್ಟು ಹಣೆಯ ನಡುವೆ ಇರದೆ ಸ್ವಲ್ಪ ವಾರೆಯಾಗಿತ್ತು, ಅಂಚುಗಳನ್ನು ಮಾತ್ರ ಚೆನ್ನಾಗಿ ಒತ್ತಲಾಗಿತ್ತು. ಯಾರು ಹಚ್ಚಿದರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಅದಾದ ಮೇಲೆ ಒಂದು ಭಾನುವಾರ. ಶೆಡ್ಡಿಗೆ ರಜೆ, ಮಗ್ಗಗಳೆಲ್ಲ ಮೌನ. ಊಟವಾಗಿ ಅತ್ತೆ ಕೊಳವೆ ಹಾಕಿಕೊಂಡು ಮಲಗಿದ್ದರು, ಮಾವನವರ ಗೊರಕೆ ಹಾಲಿಗೆ ಕೇಳುತ್ತಿತ್ತು. ನಾನು ಬಟ್ಟೆ ಮಡಿಸುತ್ತಿದ್ದೆ. ಫ್ಯಾನು ನಿಧಾನವಾಯಿತು. ಇನ್ವರ್ಟರು ಹಿಡಿದುಕೊಂಡಿತು, ಫ್ಯಾನು ಮತ್ತೆ ತಿರುಗಿತು. ಕರೆಂಟು ಹೋಗಿದೆ ಎಂದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಕೋಣೆಯಿಂದ ಮೆಷಿನ್ನು ಕಿರುಚಿಕೊಂಡಿತು. ಗೊರಕೆಯ ಮನುಷ್ಯನಿಗೆ ಆ ಕೀಚು ಶಬ್ದ ಕೇಳುವುದಿಲ್ಲ ಎಂಬುದೊಂದೇ ನೆನಪಾಗಿ, ಬಟ್ಟೆ ಎಸೆದು ಓಡಿದೆ.

ಮಾವನವರು ನಿಂತಿದ್ದರು. ಕೊಳವೆ ಆಗಲೇ ಸಿಲಿಂಡರಿಗೆ ಸೇರಿತ್ತು, ಕೀಲಿ ತಿರುಗಿತ್ತು. ಅವರು ಒಂದು ಕೈ ಕೀಲಿಯ ಮೇಲಿಟ್ಟು, ಅತ್ತೆಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಕಿವಿಯ ಪಕ್ಕದಲ್ಲೇ ಮೆಷಿನ್ನು ಕಿರುಚುತ್ತಿತ್ತು. ಅದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೋಗಿ ಅದರ ಬಾಯಿ ಮುಚ್ಚಿಸಿದೆ.

ಹೇಗೆ ಎಚ್ಚರವಾಯಿತು ಎಂದು ದಪ್ಪ ದನಿಯಲ್ಲಿ ಕೇಳಿದೆ. ಅವರು ಆರಿದ ಲೈಟನ್ನು ತೋರಿಸಿದರು.

"ಅವಾಗ ಲೈಟು ಬಂದ್ರೆ ಏಳ್ಬೇಕಿತ್ತು. ಈಗ ಹೋದ್ರೆ ಏಳ್ಬೇಕು. ಅದಕ್ಕೆ ಮೊಕದ ಮೇಲೆ ಬೀಳಂಗೆ ಇಟ್ಕೊಂಡಿವ್ನಿ ಅಮ್ಮಿಣಿ, ನೀನು ತಿರುಗಿಸ್ಬೇಡ."

ಒಂದು ಸಾಸಿವೆ ಕಾಳಿನಷ್ಟು ಬೆಳಕಿಗೆ ಎದ್ದು ಕೂರುತ್ತಿದ್ದ ಮನುಷ್ಯ, ಈ ಬೆಳಕಿನ ಕೆಳಗೆ ಮಲಗುವುದನ್ನು ಈ ವಯಸ್ಸಿನಲ್ಲಿ ತಮ್ಮ ಕಣ್ಣಿಗೆ ಹೊಸದಾಗಿ ಕಲಿಸಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ಅರ್ಧ ಗಂಟೆಯಲ್ಲಿ ಕರೆಂಟು ಬಂತು. ಮಾವನವರು ಕೊಳವೆಯನ್ನು ಮತ್ತೆ ಮೆಷಿನ್ನಿಗೆ ಹಾಕಿ, ಸಿಲಿಂಡರಿನ ಕೀಲಿ ಬಿಗಿದು, ಮಂಚದ ಮೇಲೆ ಹಸಿರು ಬೆಳಕಿಗೆ ಮುಖ ಮಾಡಿ ಮಗ್ಗುಲಾದರು. ಬೆಳಕು ಅವರ ರೆಪ್ಪೆಯ ಮೇಲೆ ನೇರವಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಅತ್ತೆ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತ ಮಲಗಿದ್ದರು, ಹಣೆಯ ಮೇಲೆ ವಾರೆ ಬೊಟ್ಟು.

ನಾನು ಆ ಮೆಷಿನ್ನಿನ ಮುಂದೆ ನಿಂತು ಕೈ ಮುಗಿದೆ. ಅತ್ತೆ ನೋಡಿದರು. ಈ ಸಲ ಏನೂ ಹೇಳಲಿಲ್ಲ.